ಸುರಕ್ಷಿತ ಸಂಪರ್ಕ ಸಿಗದೆ ಬ್ರೌಸರ್ ತಡೆದು ನಿಂತಾಗ: ದೋಷ ಹುಡುಕುವ ಕ್ರಮ

ನಿನ್ನೆಯವರೆಗೆ ಸಲೀಸಾಗಿ ತೆರೆಯುತ್ತಿದ್ದ ಜಾಲತಾಣ ಇಂದು ತೆರೆಯುವುದಿಲ್ಲ. ಅದರ ಜಾಗದಲ್ಲಿ ಪರದೆಯ ತುಂಬ ಒಂದು ಎಚ್ಚರಿಕೆ: ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’. ಕೆಳಗೆ ಸಣ್ಣ ಅಕ್ಷರಗಳಲ್ಲಿ ಅರ್ಥವಾಗದ ಒಂದು ಸಂಕೇತ. ಇನ್ನೂ ಕೆಳಗೆ, ‘ಅಡ್ವಾನ್ಸ್ಡ್’ ಎಂಬ ಗುಂಡಿಯ ಹಿಂದೆ, ಏನಾದರಾಗಲಿ ಎಂದು ಒಳಗೆ ಹೋಗಲು ಒಂದು ಕೊಂಡಿ. ಹೆಚ್ಚಿನವರ ಕೈ ಮೊದಲು ಚಾಚುವುದು ಆ ಕೊಂಡಿಯ ಕಡೆಗೇ. ದಯವಿಟ್ಟು ಅಲ್ಲಿ ಕೈ ತಡೆಯಿರಿ. ಈ ಬರಹದ ಉದ್ದಕ್ಕೂ ನಾನು ಮತ್ತೆ ಮತ್ತೆ ಬೇಡಿಕೊಳ್ಳುವ ಸಂಗತಿ ಇದೊಂದೇ: ತಪ್ಪು ಎಲ್ಲಿದೆ ಎಂದು ತಿಳಿಯುವ ಮೊದಲು ಎಚ್ಚರಿಕೆಯನ್ನು ದಾಟಬೇಡಿ.

ಬಂಧುಗಳ, ಗೆಳೆಯರ ಮನೆಯ ಕಂಪ್ಯೂಟರುಗಳಲ್ಲಿ ಈ ತೊಂದರೆಯನ್ನು ನಾನು ಹಲವು ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ನನಗೆ ನೋವಾಗುವುದು ದೋಷ ಬಂದಿದ್ದಕ್ಕಲ್ಲ. ನಾನು ಹೋಗುವ ಹೊತ್ತಿಗೆ ಅವರು ಬ್ರೌಸರನ್ನು ತೆಗೆದು ಮತ್ತೆ ಹಾಕಿರುತ್ತಾರೆ, ಆಂಟಿವೈರಸ್ ಅಳಿಸಿರುತ್ತಾರೆ, ರೂಟರನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿಸಿ ವೈಫೈ ಪಾಸ್‌ವರ್ಡನ್ನೂ ಕಳೆದುಕೊಂಡಿರುತ್ತಾರೆ. ಮೂಲ ಕಾರಣ ಮಾತ್ರ ಪರದೆಯ ಮೂಲೆಯಲ್ಲಿ ಹಾಗೆಯೇ ಕುಳಿತಿರುತ್ತದೆ. ಒಂದು ಕ್ರಮ ಹಿಡಿದು ಹೋದರೆ ಇಷ್ಟೊಂದು ಹಾನಿ ಮಾಡಿಕೊಳ್ಳಬೇಕಾಗಿಲ್ಲ.

ಎಚ್ಚರಿಕೆ ಏನನ್ನು ಹೇಳುತ್ತಿದೆ

ವಿಳಾಸ ‘ಎಚ್‌ಟಿಟಿಪಿಎಸ್’ ಎಂದು ಶುರುವಾಗಿದ್ದರೆ, ಪುಟದ ಒಂದಕ್ಷರವೂ ಬರುವ ಮೊದಲು ತಾಣವು ತನ್ನ ಗುರುತಿನ ಚೀಟಿಯನ್ನು ಬ್ರೌಸರಿಗೆ ತೋರಿಸಬೇಕು. ಆ ಚೀಟಿಯೇ ಸರ್ಟಿಫಿಕೇಟ್. ಬ್ರೌಸರ್ ಅದರಲ್ಲಿ ಮೂರು ಸಂಗತಿಗಳನ್ನು ನೋಡುತ್ತದೆ. ಚೀಟಿಯಲ್ಲಿರುವ ಹೆಸರು ನೀವು ಕೇಳಿದ ತಾಣದ ಹೆಸರೇ? ಇಂದಿನ ದಿನಾಂಕ ಚೀಟಿಯ ಅವಧಿಯೊಳಗೆ ಬರುತ್ತದೆಯೇ? ಸಹಿ ಹಾಕಿದ ಸಂಸ್ಥೆ ನಂಬಿಕೆಯ ಪಟ್ಟಿಯಲ್ಲಿ, ಅಂದರೆ ಬ್ರೌಸರ್ ನಂಬುವ ಸಂಸ್ಥೆಗಳ ಪಟ್ಟಿಯಲ್ಲಿ, ಇದೆಯೇ? ಇವು ಮೂರೂ ಸರಿಯಿದ್ದರೆ ಸಾಲದು, ಮಾತುಕತೆಯನ್ನು ಗೂಢಲಿಪಿಯಲ್ಲಿ ನಡೆಸಲು ಎರಡೂ ಕಡೆಯವರಿಗೆ ಗೊತ್ತಿರುವ ಒಂದು ಪದ್ಧತಿಯೂ ಬೇಕು. ಆ ಪದ್ಧತಿಗೆ ಟಿಎಲ್‌ಎಸ್ ಎಂದು ಹೆಸರು. ಹಳಬರು ಇಂದಿಗೂ ಅದನ್ನು ಎಸ್‌ಎಸ್‌ಎಲ್ ಎಂಬ ಹಿಂದಿನ ಹೆಸರಿನಿಂದಲೇ ಕರೆಯುತ್ತಾರೆ. ನೀವು ಕಾಣುವ ದೋಷಗಳಲ್ಲಿ ಬಹುಪಾಲು ಈ ನಾಲ್ಕರಲ್ಲಿ ಒಂದು ಕೆಟ್ಟಿದ್ದರಿಂದ ಬಂದವು.

ನಂಬಿಕೆಯ ಪಟ್ಟಿಯನ್ನು ಬ್ರೌಸರ್ ಇಷ್ಟು ಬಿಗಿಯಾಗಿ ಪಾಲಿಸುವುದಕ್ಕೆ ಕಾರಣವಿದೆ. 2011ರಲ್ಲಿ ಡಿಜಿನೋಟಾರ್ ಎಂಬ ನೆದರ್‌ಲ್ಯಾಂಡ್ಸ್‌ನ ಸರ್ಟಿಫಿಕೇಟ್ ಸಂಸ್ಥೆಯ ಕಂಪ್ಯೂಟರುಗಳಿಗೆ ಕನ್ನ ಹಾಕಿದವರು ಗೂಗಲ್ ಹೆಸರಿನಲ್ಲಿ ಸುಳ್ಳು ಚೀಟಿ ಮಾಡಿಕೊಂಡಿದ್ದರು. ಅದು ಬಯಲಾದ ಕೂಡಲೇ ಬ್ರೌಸರುಗಳು ಆ ಸಂಸ್ಥೆಯನ್ನೇ ಪಟ್ಟಿಯಿಂದ ಕಿತ್ತುಹಾಕಿದವು. ಅದೇ ವರ್ಷ ಸಂಸ್ಥೆ ದಿವಾಳಿಯಾಯಿತು. ಎಚ್ಚರಿಕೆಯ ಪುಟ ನಿಮ್ಮನ್ನು ಕಾಡಲು ಬಂದದ್ದಲ್ಲ, ಇಂಥವರಿಂದ ಕಾಯಲು ಬಂದದ್ದು.

ಮೊದಲ ಹೆಜ್ಜೆ: ಸಂಕೇತವನ್ನು ಬರೆದುಕೊಳ್ಳಿ

ದೊಡ್ಡ ಅಕ್ಷರಗಳ ವಾಕ್ಯ ಎಲ್ಲ ದೋಷಗಳಿಗೂ ಹೆಚ್ಚುಕಡಿಮೆ ಒಂದೇ. ನಿಜವಾದ ಸುಳಿವು ಕೆಳಗಿನ ಸಂಕೇತದಲ್ಲಿದೆ. ಅದನ್ನು ಕಾಗದದ ಮೇಲೆ ಬರೆದುಕೊಳ್ಳಿ, ಇಲ್ಲವೇ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ.

ಕ್ರೋಮ್ ಮತ್ತು ಎಡ್ಜ್‌ನಲ್ಲಿ ಸಂಕೇತದೊಳಗೆ ‘ಡೇಟ್ ಇನ್‌ವ್ಯಾಲಿಡ್’ ಎಂದಿದ್ದರೆ ದಿನಾಂಕದ ತಕರಾರು. ‘ಅಥಾರಿಟಿ ಇನ್‌ವ್ಯಾಲಿಡ್’ ಎಂದರೆ ಸಹಿ ಹಾಕಿದವರ ಪರಿಚಯ ಬ್ರೌಸರಿಗಿಲ್ಲ. ‘ಕಾಮನ್ ನೇಮ್ ಇನ್‌ವ್ಯಾಲಿಡ್’ ಎಂದರೆ ಚೀಟಿ ಬೇರೆ ಹೆಸರಿನಲ್ಲಿದೆ. ‘ವರ್ಷನ್ ಆರ್ ಸೈಫರ್ ಮಿಸ್‌ಮ್ಯಾಚ್’ ಎಂದರೆ ಇಬ್ಬರಿಗೂ ಗೊತ್ತಿರುವ ಗೂಢಲಿಪಿ ಪದ್ಧತಿ ಸಿಗಲಿಲ್ಲ. ಫೈರ್‌ಫಾಕ್ಸ್ ಇವನ್ನೇ ತನ್ನ ಮಾತಿನಲ್ಲಿ ‘ಎಕ್ಸ್‌ಪೈರ್ಡ್ ಸರ್ಟಿಫಿಕೇಟ್’, ‘ಅನ್‌ನೋನ್ ಇಶ್ಯೂಯರ್’, ‘ಬ್ಯಾಡ್ ಸರ್ಟ್ ಡೊಮೇನ್’ ಎನ್ನುತ್ತದೆ. ಅದರಲ್ಲಿ ‘ಎಂಐಟಿಎಂ ಡಿಟೆಕ್ಟೆಡ್’ ಎಂಬ ಇನ್ನೊಂದು ಸಂಕೇತವೂ ಉಂಟು. ನಿಮ್ಮ ಮತ್ತು ತಾಣದ ನಡುವೆ ಯಾರೋ ನಿಂತು ಸಂಪರ್ಕವನ್ನು ಬಿಚ್ಚಿ ನೋಡುತ್ತಿದ್ದಾರೆ ಎಂಬುದು ಅದರ ಅರ್ಥ. ಭಯ ಬೀಳಬೇಡಿ. ಆ ‘ಯಾರೋ’ ಬಹಳ ಸಲ ನಿಮ್ಮದೇ ಆಂಟಿವೈರಸ್ ಆಗಿರುತ್ತದೆ. ಅದರ ವಿಚಾರ ಮುಂದಿದೆ.

ಎರಡನೆಯ ಹೆಜ್ಜೆ: ಮೂರು ಪ್ರಶ್ನೆಗಳು

ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಳ್ಳಿ. ಐದು ನಿಮಿಷ ಸಾಕು.

ತೊಂದರೆ ಒಂದೇ ತಾಣಕ್ಕೋ, ಎಲ್ಲ ತಾಣಗಳಿಗೋ? ಸಂಬಂಧವಿಲ್ಲದ ಮೂರು ನಾಲ್ಕು ದೊಡ್ಡ ತಾಣಗಳನ್ನು ತೆರೆದು ನೋಡಿ. ಎಲ್ಲವೂ ಸರಿಯಿದ್ದು ಒಂದು ಮಾತ್ರ ತೆರೆಯದಿದ್ದರೆ ತಪ್ಪು ಬಹುಶಃ ಆ ತಾಣದ್ದೇ. ಎಲ್ಲವೂ ತಕರಾರು ಮಾಡಿದರೆ ತಪ್ಪು ನಿಮ್ಮ ಕಡೆಗಿದೆ. ಜಗತ್ತಿನ ಸರ್ಟಿಫಿಕೇಟುಗಳೆಲ್ಲ ಒಂದೇ ದಿನ ಕೆಡುವುದಿಲ್ಲ.

ಒಂದೇ ಬ್ರೌಸರಿನಲ್ಲೋ, ಎಲ್ಲ ಬ್ರೌಸರುಗಳಲ್ಲೋ? ಕ್ರೋಮ್‌ನಲ್ಲಿ ಕಾಣುವ ದೋಷ ಫೈರ್‌ಫಾಕ್ಸ್‌ನಲ್ಲಿ ಇಲ್ಲದಿದ್ದರೆ ಹುಡುಕಾಟ ಆ ಬ್ರೌಸರಿನೊಳಗೇ ಮುಗಿಯುತ್ತದೆ. ಫೈರ್‌ಫಾಕ್ಸ್ ಮೊದಲಿನಿಂದಲೂ ತನ್ನದೇ ನಂಬಿಕೆಯ ಪಟ್ಟಿ ಇಟ್ಟುಕೊಂಡಿದೆ, ಕ್ರೋಮ್ 2022ರಿಂದ ಈಚೆಗೆ ತನ್ನದೇ ಪಟ್ಟಿಗೆ ಹೊರಳಿತು. ಆದ್ದರಿಂದ ಒಂದೇ ಕಂಪ್ಯೂಟರಿನಲ್ಲಿ ಎರಡು ಬ್ರೌಸರುಗಳು ಎರಡು ತೀರ್ಪು ಕೊಟ್ಟರೆ ಅಚ್ಚರಿಪಡಬೇಕಿಲ್ಲ.

ಮೂರನೆಯದು ತುಂಬಾ ಬೆಲೆಯುಳ್ಳ ಪ್ರಶ್ನೆ: ಇದೇ ಜಾಲದಲ್ಲಿ ಮಾತ್ರವೋ, ಬೇರೆ ಜಾಲದಲ್ಲೂ ಹೀಗೆಯೋ? ಮೊಬೈಲಿನ ಹಾಟ್‌ಸ್ಪಾಟ್ ತೆರೆದು ಕಂಪ್ಯೂಟರನ್ನು ಅದಕ್ಕೆ ಜೋಡಿಸಿ ಅದೇ ತಾಣವನ್ನು ತೆರೆಯಿರಿ. ದೋಷ ಮಾಯವಾದರೆ ರೂಟರಿನ ಕಡೆ ನೋಡಿ. ಉಳಿದುಕೊಂಡರೆ ಮೊಬೈಲಿನಲ್ಲೇ ಆ ತಾಣವನ್ನು ತೆರೆದು ನೋಡಿ. ಮೊಬೈಲಿನಲ್ಲೂ ತೆರೆಯದಿದ್ದರೆ ನಿಮ್ಮ ಕಂಪ್ಯೂಟರ್ ನಿರಪರಾಧಿ.

ಇಲ್ಲಿಂದ ಮುಂದೆ ಒಂದು ಶಿಸ್ತು ಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬದಲಿಸಿದ ಮೇಲೆ ತಾಣವನ್ನು ತೆರೆದು ನೋಡಿ. ಫಲ ಸಿಗದಿದ್ದರೆ ಆ ಬದಲಾವಣೆಯನ್ನು ಹಿಂದಿನಂತೆ ಮಾಡಿ, ನಂತರ ಮುಂದಿನದಕ್ಕೆ ಹೋಗಿ.

ಮೂರನೆಯ ಹೆಜ್ಜೆ: ಗಡಿಯಾರ

ಎಲ್ಲ ತಾಣಗಳೂ ಒಟ್ಟಿಗೆ ಕೈಕೊಟ್ಟಿದ್ದರೆ ಮೊದಲು ಪರದೆಯ ಮೂಲೆಯ ಗಡಿಯಾರ ನೋಡಿ. ಗಂಟೆ ನಿಮಿಷ ಮಾತ್ರವಲ್ಲ, ತಿಂಗಳು ಮತ್ತು ವರ್ಷವನ್ನೂ ನೋಡಿ. ಗಂಟೆ ಸರಿಯಿದೆ ಎಂದು ಸಮಾಧಾನಪಟ್ಟು ವರ್ಷ ತಪ್ಪಿರುವುದನ್ನು ಗಮನಿಸದವರನ್ನು ನಾನು ಕಂಡಿದ್ದೇನೆ. ಒಬ್ಬ ಬಂಧುವಿನ ಹಳೆಯ ಡೆಸ್ಕ್‌ಟಾಪ್ ಎರಡು ವಾರ ಯಾವ ತಾಣವನ್ನೂ ತೆರೆದಿರಲಿಲ್ಲ. ರಿಪೇರಿಯವರೊಬ್ಬರು ಇಡೀ ವಿಂಡೋಸನ್ನೇ ಮತ್ತೆ ಹಾಕಬೇಕೆಂದು ಹೇಳಿ ಹೋಗಿದ್ದರು. ಆ ಕಂಪ್ಯೂಟರಿನ ಪ್ರಕಾರ ಇನ್ನೂ ಅದನ್ನು ಕೊಂಡ ವರ್ಷವೇ ನಡೆಯುತ್ತಿತ್ತು.

ದಿನಾಂಕ ತಪ್ಪಿದರೆ ಸಂಪರ್ಕವೇಕೆ ಕೆಡಬೇಕು? ಪ್ರತಿ ಸರ್ಟಿಫಿಕೇಟಿನಲ್ಲೂ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಬರೆದಿರುತ್ತದೆ. ನಿಮ್ಮ ಗಡಿಯಾರ ಹಿಂದೆ ಬಿದ್ದಿದ್ದರೆ ಬ್ರೌಸರಿನ ಕಣ್ಣಿಗೆ ಆ ಚೀಟಿ ಇನ್ನೂ ಹುಟ್ಟಿಯೇ ಇಲ್ಲ. ಮುಂದೆ ಓಡಿದ್ದರೆ ಅದು ಆಗಲೇ ಸತ್ತಿದೆ. ಹಿಂದೆ ಸರ್ಟಿಫಿಕೇಟುಗಳು ಹಲವು ವರ್ಷ ಬಾಳುತ್ತಿದ್ದವು, ಆಗ ಗಡಿಯಾರ ಒಂದೆರಡು ತಿಂಗಳು ತಪ್ಪಿದರೂ ನಡೆಯುತ್ತಿತ್ತು. 2020ರ ಸೆಪ್ಟೆಂಬರಿನಿಂದ ಈ ಅವಧಿಗೆ 398 ದಿನಗಳ ಮಿತಿ ಬಂದಿತು. ಲಕ್ಷಾಂತರ ತಾಣಗಳಿಗೆ ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಆರಂಭದಲ್ಲೇ 90 ದಿನಗಳ ಚೀಟಿ ಕೊಡತೊಡಗಿತು. ಬ್ರೌಸರ್ ತಯಾರಕರೂ ಸರ್ಟಿಫಿಕೇಟ್ ಸಂಸ್ಥೆಗಳೂ ಕೂಡಿ 2025ರಲ್ಲಿ ಮಾಡಿದ ನಿರ್ಧಾರದಂತೆ ಈ ಮಿತಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು 2029ರ ಮಾರ್ಚ್‌ನಲ್ಲಿ 47 ದಿನಗಳಿಗೆ ಬರಲಿದೆ. ಚೀಟಿಯ ಆಯುಷ್ಯ ಕಡಿಮೆಯಾದಷ್ಟೂ ತಪ್ಪು ಗಡಿಯಾರಕ್ಕೆ ಸಿಗುವ ವಿನಾಯಿತಿಯೂ ಕಡಿಮೆಯಾಗುತ್ತದೆ.

ಸರಿಪಡಿಸುವುದು ಸುಲಭ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್ ತೆರೆದು ‘ಟೈಮ್ ಆ್ಯಂಡ್ ಲ್ಯಾಂಗ್ವೇಜ್’ ಒಳಗಿನ ‘ಡೇಟ್ ಆ್ಯಂಡ್ ಟೈಮ್’ಗೆ ಹೋಗಿ. ಮೊದಲು ಟೈಮ್ ಝೋನ್ ನಿಮ್ಮದೇ ಹೌದೇ ನೋಡಿ. ಆಮೇಲೆ ಸಮಯವನ್ನು ತಾನಾಗಿಯೇ ಹೊಂದಿಸಿಕೊಳ್ಳುವ ಆಯ್ಕೆಯನ್ನು ಆನ್ ಮಾಡಿ ‘ಸಿಂಕ್ ನೌ’ ಒತ್ತಿ. ಇಲ್ಲಿ ಒಂದು ತೊಡಕು ಎದುರಾಗಬಹುದು. ಗಡಿಯಾರ ತುಂಬಾ ದೂರ ಹೋಗಿದ್ದರೆ ವಿಂಡೋಸ್ ಅಷ್ಟು ದೊಡ್ಡ ತಿದ್ದುಪಡಿಯನ್ನು ತಾನಾಗಿ ಒಪ್ಪುವುದಿಲ್ಲ. ಆಗ ತಾನಾಗಿ ಹೊಂದಿಸುವ ಆಯ್ಕೆಯನ್ನು ಆಫ್ ಮಾಡಿ, ವರ್ಷ, ತಿಂಗಳು, ದಿನ, ಗಂಟೆಯನ್ನು ಕೈಯಾರೆ ಸರಿಪಡಿಸಿ, ಮತ್ತೆ ಆನ್ ಮಾಡಿ ಸಿಂಕ್ ಮಾಡಿ. ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್ ಒಳಗೆ ‘ಜನರಲ್’, ಅದರೊಳಗೆ ‘ಡೇಟ್ ಆ್ಯಂಡ್ ಟೈಮ್’. ಬ್ರೌಸರನ್ನು ಪೂರ್ತಿ ಮುಚ್ಚಿ ತೆರೆದರೆ ತಾಣಗಳು ಮರಳಿ ಬರಬೇಕು.

ಟೈಮ್ ಝೋನ್ ವಿಚಾರದಲ್ಲಿ ಒಂದು ಸೂಕ್ಷ್ಮವಿದೆ. ಝೋನ್ ತಪ್ಪಿದ್ದು ಗಂಟೆಯನ್ನು ಕೈಯಾರೆ ಸರಿ ಕಾಣುವಂತೆ ತಿರುಗಿಸಿದ್ದರೆ, ಮೂಲೆಯ ಗಡಿಯಾರ ಸರಿಯಾಗಿಯೇ ಕಾಣುತ್ತದೆ, ಒಳಗಿನ ಜಾಗತಿಕ ಸಮಯ ಮಾತ್ರ ಕೆಲವು ಗಂಟೆ ತಪ್ಪಿರುತ್ತದೆ. ಅಂದೇ ಹೊಸ ಸರ್ಟಿಫಿಕೇಟ್ ಹಾಕಿಕೊಂಡ ತಾಣ ಮಾತ್ರ ಕೈಕೊಟ್ಟು ಉಳಿದವು ತೆರೆಯುವುದು ಇಂಥ ಸಂದರ್ಭದಲ್ಲಿ. ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡವರಿಗೂ ಹೀಗಾಗುತ್ತದೆ. ಯಂತ್ರದೊಳಗಿನ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯವೆಂದು ಓದುತ್ತದೆ, ಲಿನಕ್ಸ್ ಸಾಮಾನ್ಯವಾಗಿ ಜಾಗತಿಕ ಸಮಯವೆಂದು ಓದುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಸಮಯ ಜಿಗಿಯುತ್ತದೆ. ಎರಡೂ ಒಂದೇ ಪದ್ಧತಿಯಲ್ಲಿ ಓದುವಂತೆ ಲಿನಕ್ಸ್‌ನ ಸೆಟ್ಟಿಂಗ್ ಬದಲಿಸಿದರೆ ಸಾಕು.

ಸರಿಪಡಿಸಿದ ಗಡಿಯಾರ ಮರುದಿನ ಮತ್ತೆ ತಪ್ಪಿತೇ? ಹಾಗಾದರೆ ಮದರ್‌ಬೋರ್ಡ್ ಮೇಲಿನ ನಾಣ್ಯದಾಕಾರದ ಬ್ಯಾಟರಿ ಮುಗಿದಿದೆ. ಕಂಪ್ಯೂಟರ್ ಆಫ್ ಆಗಿದ್ದಾಗ ಗಡಿಯಾರ ಓಡಿಸುವುದು ಅದೇ. ಪರೀಕ್ಷಿಸಲು ಸುಲಭ ದಾರಿ ಇದೆ: ರಾತ್ರಿ ಸಮಯ ಸರಿಪಡಿಸಿ, ಕಂಪ್ಯೂಟರ್ ಮುಚ್ಚಿ, ಗೋಡೆಯ ಪ್ಲಗ್ಗನ್ನೂ ಕಿತ್ತಿಡಿ. ಬೆಳಿಗ್ಗೆ ಇಂಟರ್‌ನೆಟ್ ಸಿಗುವ ಮೊದಲೇ ದಿನಾಂಕ ನೋಡಿ. ಹಳೆಯ ಯಾವುದೋ ವರ್ಷ ಕಂಡರೆ ಬ್ಯಾಟರಿ ಬದಲಿಸುವ ಕಾಲ ಬಂದಿದೆ. ಡೆಸ್ಕ್‌ಟಾಪುಗಳಲ್ಲಿ ಸಾಮಾನ್ಯವಾಗಿ ಇರುವುದು ಸಿಆರ್2032 ಎಂಬ 3 ವೋಲ್ಟಿನ ಸೆಲ್. ವಿದ್ಯುತ್ ಸಂಪರ್ಕ ಪೂರ್ತಿ ತೆಗೆದು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಹಳೆಯ ಸೆಲ್ಲಿನ ಯಾವ ಮುಖ ಮೇಲಿತ್ತು ಎಂದು ಫೋಟೋ ತೆಗೆದುಕೊಂಡು ಬದಲಿಸಿ. ಮೊದಲ ಸಲ ಆನ್ ಮಾಡಿದಾಗ ಬಯಾಸ್ (ವಿಂಡೋಸ್‌ಗೂ ಮೊದಲು ಓಡುವ ಯಂತ್ರದ ಸ್ವಂತ ತಂತ್ರಾಂಶ) ಸೆಟ್ಟಿಂಗಿನಲ್ಲಿ ದಿನಾಂಕ ಹಾಕಬೇಕಾಗಬಹುದು. ಹಳೆಯ ಸೆಲ್ಲನ್ನು ಮೇಜಿನ ಮೇಲೆ ಬಿಡಬೇಡಿ. ಚಿಕ್ಕ ಮಕ್ಕಳು ನುಂಗಿದರೆ ಅದು ಒಳಗೆ ಸುಟ್ಟ ಗಾಯ ಮಾಡುತ್ತದೆ, ಪ್ರಾಣಕ್ಕೂ ಅಪಾಯ. ಲ್ಯಾಪ್‌ಟಾಪುಗಳಲ್ಲಿ ಈ ಸೆಲ್ ತಂತಿ ಜೋಡಿಸಿಕೊಂಡು ಒಳಗೆ ಕುಳಿತಿರುವುದುಂಟು, ಅಭ್ಯಾಸವಿಲ್ಲದಿದ್ದರೆ ಬಲ್ಲವರ ಕೈಗೆ ಕೊಡಿ.

ನಾಲ್ಕನೆಯ ಹೆಜ್ಜೆ: ನಡುವೆ ನಿಂತವರು ಯಾರು?

ಗಡಿಯಾರ ಸರಿಯಿದ್ದೂ ‘ಅಥಾರಿಟಿ ಇನ್‌ವ್ಯಾಲಿಡ್’ ಅಥವಾ ‘ಅನ್‌ನೋನ್ ಇಶ್ಯೂಯರ್’ ಬರುತ್ತಿದ್ದರೆ, ಚೀಟಿಗೆ ಸಹಿ ಹಾಕಿದವರು ಯಾರೆಂದು ನೀವೇ ಓದಿ ನೋಡಬಹುದು. ಫೈರ್‌ಫಾಕ್ಸ್‌ನ ಎಚ್ಚರಿಕೆ ಪುಟದಲ್ಲಿ ‘ಅಡ್ವಾನ್ಸ್ಡ್’ ಒತ್ತಿದರೆ ‘ವ್ಯೂ ಸರ್ಟಿಫಿಕೇಟ್’ ಸಿಗುತ್ತದೆ. ಕ್ರೋಮ್‌ನಲ್ಲಿ ವಿಳಾಸದ ಎಡಕ್ಕಿರುವ ಗುರುತನ್ನು ಒತ್ತಿ ಸರ್ಟಿಫಿಕೇಟಿನ ವಿವರಕ್ಕೆ ಹೋಗಬಹುದು. ಅಲ್ಲಿ ‘ಇಶ್ಯೂಡ್ ಟು’ ಎಂದರೆ ಯಾರಿಗೆ ಕೊಟ್ಟದ್ದು, ‘ಇಶ್ಯೂಡ್ ಬೈ’ ಎಂದರೆ ಕೊಟ್ಟವರು ಯಾರು. ಈ ಒಂದು ಸಾಲನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ ಎಂಬುದು ನನ್ನ ಅನುಭವ.

‘ಇಶ್ಯೂಡ್ ಬೈ’ ಎದುರು ನಿಮ್ಮ ಆಂಟಿವೈರಸ್ಸಿನ ಹೆಸರಿದೆಯೇ? ಹಲವು ಆಂಟಿವೈರಸ್‌ಗಳು ಸುರಕ್ಷಿತ ಸಂಪರ್ಕದೊಳಗೂ ಇಣುಕಿ ಪರೀಕ್ಷಿಸಲು ಒಂದು ಉಪಾಯ ಮಾಡುತ್ತವೆ. ತಾಣದ ಚೀಟಿಯನ್ನು ತಾವು ಪಡೆದು, ಅದೇ ಹೆಸರಿನ ಇನ್ನೊಂದು ಚೀಟಿಗೆ ತಾವೇ ಸಹಿ ಹಾಕಿ ಬ್ರೌಸರಿಗೆ ಕೊಡುತ್ತವೆ. ಅದನ್ನು ಬ್ರೌಸರ್ ಒಪ್ಪಲೆಂದು ತಮ್ಮ ಮೂಲ ಸರ್ಟಿಫಿಕೇಟನ್ನು, ಅಂದರೆ ಉಳಿದ ಚೀಟಿಗಳ ಸಹಿಗೆ ಆಧಾರವಾದ ಚೀಟಿಯನ್ನು, ಕಂಪ್ಯೂಟರಿನ ನಂಬಿಕೆಯ ಪಟ್ಟಿಗೆ ಸೇರಿಸಿರುತ್ತವೆ. ಆಂಟಿವೈರಸ್ ಹೊಸ ಆವೃತ್ತಿಗೆ ಬದಲಾದಾಗ ಅಥವಾ ಅರೆಬರೆ ಅಳಿಸಿದಾಗ ಈ ಏರ್ಪಾಡು ಮುರಿದು ಬೀಳುತ್ತದೆ, ದೋಷಗಳು ಸಾಲುಗಟ್ಟುತ್ತವೆ. ಅದರ ಸೆಟ್ಟಿಂಗಿನಲ್ಲಿ ‘ಎಚ್‌ಟಿಟಿಪಿಎಸ್ ಸ್ಕ್ಯಾನಿಂಗ್’, ‘ಎಸ್‌ಎಸ್‌ಎಲ್ ಫಿಲ್ಟರಿಂಗ್’ ಎಂಬಂಥ ಹೆಸರಿನ ಆಯ್ಕೆ ಇರುತ್ತದೆ. ಅದೊಂದನ್ನು ಮಾತ್ರ ಆಫ್ ಮಾಡಿ ನೋಡಿ. ಇಡೀ ಆಂಟಿವೈರಸ್ಸನ್ನು ಆಫ್ ಮಾಡಬೇಕಾಗಿಲ್ಲ. ತಾಣ ತೆರೆದರೆ ಆ ಆಯ್ಕೆಯನ್ನು ಆಫ್ ಆಗಿಯೇ ಬಿಟ್ಟುಬಿಡಿ ಎಂಬುದು ನನ್ನ ಸಲಹೆ. ಬ್ರೌಸರ್ ನೇರವಾಗಿ ತಾಣದ ಚೀಟಿಯನ್ನು ನೋಡುವುದೇ ಹೆಚ್ಚು ಭದ್ರವೆಂದು ನಾನು ನಂಬುತ್ತೇನೆ. ಡೌನ್‌ಲೋಡ್ ಆದ ಕಡತಗಳನ್ನು ಆಂಟಿವೈರಸ್ ಹೇಗಿದ್ದರೂ ಪರೀಕ್ಷಿಸುತ್ತದೆ.

ನಡುವೆ ನಿಲ್ಲುವ ಈ ಉಪಾಯ ಕೆಟ್ಟ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ 2015ರ ಸೂಪರ್‌ಫಿಶ್ ಪ್ರಕರಣ ಸಾಕ್ಷಿ. ಲೆನೊವೊದ ಕೆಲವು ಲ್ಯಾಪ್‌ಟಾಪುಗಳಲ್ಲಿ ಮೊದಲೇ ಹಾಕಿ ಕೊಟ್ಟಿದ್ದ ಆ ಜಾಹೀರಾತು ತಂತ್ರಾಂಶ ತನ್ನ ಮೂಲ ಸರ್ಟಿಫಿಕೇಟನ್ನು ನಂಬಿಕೆಯ ಪಟ್ಟಿಗೆ ಸೇರಿಸಿತ್ತು. ಚೀಟಿಗಳಿಗೆ ಸಹಿ ಹಾಕುವ ಗುಟ್ಟಿನ ಕೀಲಿ ಎಲ್ಲ ಯಂತ್ರಗಳಲ್ಲೂ ಒಂದೇ. ಅದನ್ನು ಸಂಶೋಧಕರು ಹೊರತೆಗೆದು ತೋರಿಸಿದರು. ಅಂದರೆ ಆ ಕೀಲಿ ಸಿಕ್ಕ ಯಾರೇ ಆಗಲಿ ಯಾವ ತಾಣದ ಹೆಸರಿನಲ್ಲೂ ಸುಳ್ಳು ಚೀಟಿ ಮಾಡಬಹುದಿತ್ತು, ಆ ಲ್ಯಾಪ್‌ಟಾಪಿನ ಬ್ರೌಸರ್ ತುಟಿಪಿಟಿಕ್ಕೆನ್ನದೆ ನಂಬುತ್ತಿತ್ತು. ಆದ್ದರಿಂದ ‘ದೋಷ ಹೋಗಬೇಕಾದರೆ ಈ ಸರ್ಟಿಫಿಕೇಟನ್ನು ನಂಬಿಕೆಯ ಪಟ್ಟಿಗೆ ಸೇರಿಸಿ’ ಎಂದು ಯಾವ ತಾಣ ಹೇಳಿದರೂ, ಫೋನಿನಲ್ಲಿ ಯಾರು ಹೇಳಿದರೂ ಸೇರಿಸಬೇಡಿ. ಅದು ಮನೆಯ ಬೀಗದ ಕೀಲಿಯನ್ನು ಅಚ್ಚು ತೆಗೆದು ಅಪರಿಚಿತರಿಗೆ ಕೊಟ್ಟಂತೆ. ಕೆಲಸ ಕೊಟ್ಟ ಸಂಸ್ಥೆ ತನ್ನದೇ ಕಂಪ್ಯೂಟರಿನಲ್ಲಿ ಹಾಕುವ ಸರ್ಟಿಫಿಕೇಟಿನ ಮಾತು ಬೇರೆ.

‘ಇಶ್ಯೂಡ್ ಬೈ’ ಎದುರು ನಿಮಗೆ ಪರಿಚಯವೇ ಇಲ್ಲದ ವಿಚಿತ್ರ ಹೆಸರಿದ್ದು, ಅದು ಎಲ್ಲ ತಾಣಗಳಲ್ಲೂ ಕಂಡರೆ, ಇತ್ತೀಚೆಗೆ ಹಾಕಿಕೊಂಡ ಉಚಿತ ತಂತ್ರಾಂಶ, ವಿಪಿಎನ್, ಜಾಹೀರಾತು ತಡೆಯುವ ಪ್ರೋಗ್ರಾಂಗಳನ್ನು ಒಂದೊಂದಾಗಿ ತೆಗೆದು ನೋಡಿ. ಅಲ್ಲಿಯವರೆಗೆ ಆ ಕಂಪ್ಯೂಟರಿನಲ್ಲಿ ಯಾವ ಪಾಸ್‌ವರ್ಡನ್ನೂ ಟೈಪ್ ಮಾಡಬೇಡಿ.

ಐದನೆಯ ಹೆಜ್ಜೆ: ಜಾಲ ಮತ್ತು ರೂಟರ್

ಹಾಟ್‌ಸ್ಪಾಟಿನಲ್ಲಿ ಸರಿಯಾಗಿ ತೆರೆದು ಮನೆಯ ವೈಫೈನಲ್ಲಿ ಮಾತ್ರ ದೋಷ ಬರುವವರಿಗೆ ಈ ಭಾಗ.

ಮೊದಲ ಸಾಧ್ಯತೆ, ಲಾಗಿನ್ ಪುಟ. ಸಾರ್ವಜನಿಕ ವೈಫೈಗಳು ಹೆಸರು, ಫೋನ್ ಸಂಖ್ಯೆ ಪಡೆಯುವವರೆಗೆ ಪ್ರತಿ ತಾಣದ ಬದಲಿಗೂ ತಮ್ಮ ಪುಟವನ್ನೇ ತೋರಿಸಲು ಯತ್ನಿಸುತ್ತವೆ. ಮನೆಯ ಇಂಟರ್‌ನೆಟ್ ಸೇವೆಯ ಅವಧಿ ಮುಗಿದಾಗಲೂ ಕೆಲವರು ಹೀಗೆಯೇ ಪಾವತಿ ಪುಟಕ್ಕೆ ತಿರುಗಿಸುತ್ತಾರೆ. ನೀವು ಕೇಳಿದ್ದು ಒಂದು ತಾಣ, ಬಂದ ಚೀಟಿ ಇನ್ನೊಂದರದು. ಬ್ರೌಸರ್ ತಡೆಯುವುದು ನ್ಯಾಯವೇ. ‘ಎಸ್’ ಇಲ್ಲದ ಎಚ್‌ಟಿಟಿಪಿ ವಿಳಾಸವೊಂದನ್ನು ಪೂರ್ತಿಯಾಗಿ ಟೈಪ್ ಮಾಡಿ ತೆರೆದರೆ ಲಾಗಿನ್ ಪುಟ ಹೊರಬರುತ್ತದೆ. ಇದಕ್ಕೆಂದೇ ‘ನೆವರ್ ಎಸ್‌ಎಸ್‌ಎಲ್ ಡಾಟ್ ಕಾಮ್’ ಎಂಬ ತಾಣವಿದೆ, ಹೆಸರನ್ನು ಜಾಗ ಬಿಡದೆ ಟೈಪ್ ಮಾಡಬೇಕು.

ಎರಡನೆಯದು ಗಂಭೀರ. ತಾಣದ ಹೆಸರನ್ನು ಅಂಕಿಗಳ ವಿಳಾಸಕ್ಕೆ ತಿರುಗಿಸಿ ಕೊಡುವ ಡಿಎನ್‌ಎಸ್ ವ್ಯವಸ್ಥೆಯನ್ನು ಯಾರೋ ರೂಟರಿನಲ್ಲಿ ಬದಲಿಸಿರಬಹುದು. ರೂಟರಿನ ಪಾಸ್‌ವರ್ಡನ್ನು ಕೊಂಡಾಗ ಇದ್ದಂತೆಯೇ ಬಿಟ್ಟವರ ಮನೆಗಳಲ್ಲಿ ಇದು ನಡೆಯುತ್ತದೆ. ಬ್ಯಾಂಕಿನ ಹೆಸರು ಟೈಪ್ ಮಾಡಿದರೆ ಕಳ್ಳರ ಯಂತ್ರಕ್ಕೆ ಹೋಗುತ್ತದೆ, ಬ್ಯಾಂಕಿನ ನಿಜವಾದ ಚೀಟಿ ಕಳ್ಳರ ಬಳಿ ಇಲ್ಲದ್ದರಿಂದ ಬ್ರೌಸರ್ ಹಿಡಿದು ನಿಲ್ಲಿಸುತ್ತದೆ. ಇಂಥ ಹೊತ್ತಿನಲ್ಲಿ ‘ಮುಂದುವರಿಯಿರಿ’ ಒತ್ತಿದವರು ಕಾವಲುಗಾರನನ್ನು ತಾವೇ ಪಕ್ಕಕ್ಕೆ ತಳ್ಳಿದಂತಾಗುತ್ತದೆ. ರೂಟರಿನ ಪುಟ (ಅದರ ವಿಳಾಸದ ಮಾತು ಕೆಳಗಿದೆ) ತೆರೆದು ಡಿಎನ್‌ಎಸ್ ಜಾಗದಲ್ಲಿ ಗುರುತಿಲ್ಲದ ಅಂಕಿಗಳಿದ್ದರೆ ನಿಮ್ಮ ಇಂಟರ್‌ನೆಟ್ ಸೇವೆಯವರು ಕೊಟ್ಟ ವಿಳಾಸ ಹಾಕಿ, ಇಲ್ಲವೇ ಎಲ್ಲರಿಗೂ ತೆರೆದಿರುವ ಡಿಎನ್‌ಎಸ್ ವಿಳಾಸಗಳಾದ 1.1.1.1 ಅಥವಾ 8.8.8.8 ಹಾಕಿ. ಕೂಡಲೇ ರೂಟರಿನ ಆಡಳಿತ ಪಾಸ್‌ವರ್ಡ್ ಬದಲಿಸಿ, ತಂತ್ರಾಂಶವನ್ನು ಹೊಸ ಆವೃತ್ತಿಗೆ ತನ್ನಿ, ನಂತರ ರೂಟರನ್ನೂ ಕಂಪ್ಯೂಟರನ್ನೂ ಒಮ್ಮೆ ಮುಚ್ಚಿ ತೆರೆಯಿರಿ.

ಇದೇ ಬಗೆಯ ಬದಲಾವಣೆ ಕಂಪ್ಯೂಟರಿನೊಳಗಿನ ‘ಹೋಸ್ಟ್ಸ್’ ಎಂಬ ಕಡತದಲ್ಲೂ ಇರಬಹುದು, ಆಗ ದೋಷ ಯಾವ ಜಾಲಕ್ಕೆ ಹೋದರೂ ಹಿಂಬಾಲಿಸುತ್ತದೆ. ವಿಂಡೋಸ್ ಫೋಲ್ಡರಿನೊಳಗೆ ಸಿಸ್ಟಮ್32, ಅದರೊಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ ಎಂಬಲ್ಲಿ ಆ ಕಡತವಿದೆ. ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. # ಗುರುತಿನಿಂದ ಶುರುವಾಗುವ ಸಾಲುಗಳು ಬರೀ ಟಿಪ್ಪಣಿಗಳು. ಅವನ್ನು ಬಿಟ್ಟು ಬ್ಯಾಂಕು, ಮಿಂಚಂಚೆ ಮುಂತಾದ ತಾಣಗಳ ಹೆಸರು ಕಂಡರೆ ಯಾರೋ ಕೈಯಾಡಿಸಿದ್ದಾರೆ. ಆ ಸಾಲುಗಳನ್ನು ತೆಗೆದು ಇಡೀ ಕಂಪ್ಯೂಟರಿಗೆ ವೈರಸ್ ಪರೀಕ್ಷೆ ಮಾಡಿಸಿ.

ರೂಟರಿನ ಸ್ವಂತ ಪುಟ, ಅಂದರೆ 192.168.1.1 ರಂಥ ವಿಳಾಸ, ತೆರೆದಾಗ ಎಚ್ಚರಿಕೆ ಬಂದರೆ ಅದು ಸಹಜ. ರೂಟರ್ ತನ್ನ ಚೀಟಿಗೆ ತಾನೇ ಸಹಿ ಹಾಕಿಕೊಂಡಿರುತ್ತದೆ. ನಿಮ್ಮ ಮನೆಯಲ್ಲಿ, ನಿಮ್ಮದೇ ರೂಟರಿಗೆ ಜೋಡಿಸಿಕೊಂಡು, ಆ ವಿಳಾಸವನ್ನು ನೀವೇ ಟೈಪ್ ಮಾಡಿದ್ದರೆ ಮುಂದುವರಿಯಬಹುದು. ಮನೆಯ ಬಳಕೆದಾರರು ಎಚ್ಚರಿಕೆಯನ್ನು ದಾಟಲು ನಾನು ಒಪ್ಪುವ ಜಾಗ ಇದೊಂದೇ.

ಆರನೆಯ ಹೆಜ್ಜೆ: ಬ್ರೌಸರ್

ಒಂದೇ ಬ್ರೌಸರಿನಲ್ಲಿ ದೋಷವಿದ್ದರೆ ಮೊದಲು ಖಾಸಗಿ ಕಿಟಕಿಯಲ್ಲಿ (ಕ್ರೋಮ್‌ನಲ್ಲಿ ‘ಇನ್‌ಕಾಗ್ನಿಟೊ’) ತಾಣ ತೆರೆಯಿರಿ. ತೆರೆದುಕೊಂಡರೆ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸಿಕೊಂಡ ಪುಟ್ಟ ಪ್ರೋಗ್ರಾಂ) ಅಥವಾ ಹಳೆಯ ಕುಕಿಗಳ (ತಾಣ ಬ್ರೌಸರಿನಲ್ಲಿ ಇಟ್ಟ ಪುಟ್ಟ ಮಾಹಿತಿ) ಮೇಲೆ ಅನುಮಾನ. ಎಕ್ಸ್‌ಟೆನ್ಷನ್‌ಗಳನ್ನು ಒಂದೊಂದಾಗಿ ಆಫ್ ಮಾಡಿ, ಆ ತಾಣದ ಕುಕಿಗಳನ್ನು ಮಾತ್ರ ಅಳಿಸಿ. ಬ್ರೌಸರನ್ನು ಹೊಸ ಆವೃತ್ತಿಗೆ ತಂದು ಪೂರ್ತಿ ಮುಚ್ಚಿ ತೆರೆಯಿರಿ. ಇಷ್ಟಕ್ಕಿಂತ ಹೆಚ್ಚು ಇಲ್ಲಿ ಹುಡುಕುವುದು ಅಪರೂಪ.

ಏಳನೆಯ ಹೆಜ್ಜೆ: ಕಂಪ್ಯೂಟರಿಗೇ ವಯಸ್ಸಾಗಿದ್ದರೆ

ಟಿಎಲ್‌ಎಸ್ ಪದ್ಧತಿಯ ಮೊದಲ ಆವೃತ್ತಿ 1.0 ಬಂದದ್ದು 1999ರಲ್ಲಿ. 1.1 ಬಂದದ್ದು 2006ರಲ್ಲಿ, 1.2 ಬಂದದ್ದು 2008ರಲ್ಲಿ, 1.3 ಬಂದದ್ದು 2018ರಲ್ಲಿ. ಮೊದಲ ಎರಡನ್ನು 2021ರಲ್ಲಿ ಅಧಿಕೃತವಾಗಿ ಕೈಬಿಡಲಾಯಿತು. ಆದ್ದರಿಂದ ಕನಿಷ್ಠ 1.2 ತಿಳಿಯದ ಕಂಪ್ಯೂಟರಿನೊಂದಿಗೆ ಇಂದಿನ ಹೆಚ್ಚಿನ ತಾಣಗಳು ಮಾತನಾಡುವುದೇ ಇಲ್ಲ. ವಿಂಡೋಸ್‌ನ ‘ಇಂಟರ್‌ನೆಟ್ ಆಪ್ಷನ್ಸ್’ ತೆರೆದು ‘ಅಡ್ವಾನ್ಸ್ಡ್’ ಪಟ್ಟಿಯ ಕೊನೆಯಲ್ಲಿ ಟಿಎಲ್‌ಎಸ್ 1.2 ಎದುರು ಗುರುತು ಇದೆಯೇ ನೋಡಿ. ಕ್ರೋಮ್, ಫೈರ್‌ಫಾಕ್ಸ್ ಈ ಪಟ್ಟಿಯನ್ನು ಅವಲಂಬಿಸುವುದಿಲ್ಲ, ವಿಂಡೋಸ್‌ನ ಇತರ ಅನೇಕ ಪ್ರೋಗ್ರಾಂಗಳು ಅವಲಂಬಿಸುತ್ತವೆ. ಹಳೆಯ ಎಸ್‌ಎಸ್‌ಎಲ್ 3.0 ಅನ್ನು ಆನ್ ಮಾಡಿ ಎಂಬ ಸಲಹೆ ಎಲ್ಲಾದರೂ ಕಂಡರೆ ಕಿವಿಗೊಡಬೇಡಿ.

ನಂಬಿಕೆಯ ಪಟ್ಟಿಯೂ ಹಳತಾಗುತ್ತದೆ. 2021ರ ಸೆಪ್ಟೆಂಬರ್ 30ರಂದು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಚೀಟಿಗಳಿಗೆ ಆಧಾರವಾಗಿದ್ದ ಒಂದು ಹಳೆಯ ಮೂಲ ಸರ್ಟಿಫಿಕೇಟಿನ ಅವಧಿ ಮುಗಿಯಿತು. ಹೊಸ ಮೂಲದ ಪರಿಚಯವಿಲ್ಲದ ಹಳೆಯ ಯಂತ್ರಗಳಲ್ಲಿ ಅಂದು ಅನೇಕ ತಾಣಗಳು ಒಮ್ಮೆಲೇ ಮುಚ್ಚಿಕೊಂಡವು. ಅಪ್‌ಡೇಟುಗಳನ್ನು ತಪ್ಪದೆ ಹಾಕಿಕೊಂಡವರಿಗೆ ಅಂದು ಏನೂ ಆಗಲಿಲ್ಲ. ವಿಂಡೋಸ್ ಅಪ್‌ಡೇಟನ್ನು ವರ್ಷಗಟ್ಟಲೆ ನಿಲ್ಲಿಸಿಟ್ಟಿದ್ದರೆ ಇಂದೇ ಹಾಕಿಕೊಳ್ಳಿ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿಯಲ್ಲೇ ನಿಂತಿತು, ಕ್ರೋಮ್ ಕೂಡ 109ನೆಯ ಆವೃತ್ತಿಯ ನಂತರ ಅದರ ಕೈಬಿಟ್ಟಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಯಂತ್ರ ಗಟ್ಟಿಯಾಗಿದ್ದು ಹೊಸ ವಿಂಡೋಸ್ ಹಿಡಿಸದಿದ್ದರೆ ಹಗುರವಾದ ಲಿನಕ್ಸ್ ಹಾಕಿಸಿ, ಅದಕ್ಕೆ ಇನ್ನಷ್ಟು ವರ್ಷ ಆಯುಷ್ಯ ಸಿಗುತ್ತದೆ. ಅದೂ ಆಗದಿದ್ದರೆ ಬರೆಯಲು, ಹಾಡು ಕೇಳಲು ಇಟ್ಟುಕೊಳ್ಳಿ, ಹಣದ ವ್ಯವಹಾರ ಮಾತ್ರ ಬೇಡ.

ತಪ್ಪು ತಾಣದ್ದೇ ಆಗಿದ್ದರೆ

ಮೊಬೈಲಿನಲ್ಲೂ, ಬೇರೆ ಜಾಲದಲ್ಲೂ ಅದೇ ದೋಷ ಬಂದರೆ ತಾಣದವರು ಸರ್ಟಿಫಿಕೇಟ್ ನವೀಕರಿಸಲು ಮರೆತಿರಬಹುದು, ಅಥವಾ ವಿಳಾಸದ ಒಂದು ರೂಪಕ್ಕೆ ಮಾತ್ರ ಚೀಟಿ ಪಡೆದಿರಬಹುದು. ಮುಂದಿನ ‘ಡಬ್ಲ್ಯುಡಬ್ಲ್ಯುಡಬ್ಲ್ಯು’ ಸೇರಿಸಿ ಅಥವಾ ತೆಗೆದು ಒಮ್ಮೆ ಪ್ರಯತ್ನಿಸಿ. ಖಚಿತಪಡಿಸಿಕೊಳ್ಳಲು ಕ್ವಾಲಿಸ್ ಸಂಸ್ಥೆಯ ‘ಎಸ್‌ಎಸ್‌ಎಲ್ ಲ್ಯಾಬ್ಸ್’ ಪುಟದಲ್ಲಿ ತಾಣದ ಹೆಸರು ಕೊಟ್ಟರೆ ಅದು ಹೊರಗಿನಿಂದ ಪರೀಕ್ಷಿಸಿ ಫಲಿತಾಂಶ ಹೇಳುತ್ತದೆ. ತಾಣದವರಿಗೆ ಬರೆಯುವಾಗ ‘ತೆರೆಯುತ್ತಿಲ್ಲ’ ಎಂದಷ್ಟೇ ಬರೆಯದೆ ಪೂರ್ತಿ ವಿಳಾಸ, ದೋಷದ ಸಂಕೇತ, ನೋಡಿದ ದಿನ ಮತ್ತು ಗಂಟೆ, ಎರಡು ಜಾಲಗಳಲ್ಲಿ ಪರೀಕ್ಷಿಸಿದ ಸಂಗತಿ ಇಷ್ಟನ್ನೂ ಬರೆಯಿರಿ. ಅಷ್ಟು ಸಿಕ್ಕರೆ ಅವರು ಬೇಗ ಸರಿಪಡಿಸಬಲ್ಲರು.

ಕೆಲವು ತಾಣಗಳಲ್ಲಿ ಮುಂದುವರಿಯುವ ಕೊಂಡಿಯೇ ಇರುವುದಿಲ್ಲ. ‘ನನಗೆ ಸುರಕ್ಷಿತ ಸಂಪರ್ಕ ಬಿಟ್ಟು ಬೇರೆ ಯಾವುದೂ ಬೇಡ’ ಎಂದು ತಾಣವೇ ಬ್ರೌಸರಿಗೆ ಹೇಳಿಟ್ಟಿರುವುದು ಅದಕ್ಕೆ ಕಾರಣ. 2012ರಲ್ಲಿ ಮಾನಕವಾದ ಈ ಏರ್ಪಾಡಿಗೆ ಎಚ್‌ಎಸ್‌ಟಿಎಸ್ ಎಂದು ಹೆಸರು. ಅದನ್ನು ಬಳಸು ದಾರಿಯಲ್ಲಿ ದಾಟುವ ತಂತ್ರಗಳನ್ನು ಹುಡುಕಬೇಡಿ, ಮೇಲಿನ ಹೆಜ್ಜೆಗಳಲ್ಲೇ ಕಾರಣ ಸಿಗುತ್ತದೆ.

ಎಚ್ಚರಿಕೆಯನ್ನು ಈಗಾಗಲೇ ದಾಟಿ ಪಾಸ್‌ವರ್ಡ್ ಕೊಟ್ಟುಬಿಟ್ಟಿದ್ದರೆ

ಬೇರೆ ಯಂತ್ರ, ಬೇರೆ ಜಾಲ ಹಿಡಿಯಿರಿ. ಮೊಬೈಲಿನಲ್ಲಿ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಿಂದ ಆ ತಾಣಕ್ಕೆ ಹೋಗಿ ಪಾಸ್‌ವರ್ಡ್ ಬದಲಿಸಿ. ಅದೇ ಪಾಸ್‌ವರ್ಡನ್ನು ಬೇರೆಡೆಯೂ ಇಟ್ಟಿದ್ದರೆ ಅಲ್ಲೆಲ್ಲ ಬದಲಿಸಿ, ಮಿಂಚಂಚೆಯಿಂದ ಶುರುಮಾಡಿ, ಏಕೆಂದರೆ ಉಳಿದ ಖಾತೆಗಳ ಕೀಲಿ ಅಲ್ಲಿಗೇ ಬರುತ್ತದೆ. ‘ಎಲ್ಲ ಸಾಧನಗಳಿಂದ ಲಾಗ್‌ಔಟ್’ ಎಂಬ ಆಯ್ಕೆಯಿದ್ದರೆ ಒತ್ತಿ. ಎರಡು ಹಂತದ ದೃಢೀಕರಣವನ್ನು ಆನ್ ಮಾಡಿ. ಕಾರ್ಡಿನ ವಿವರ ಕೊಟ್ಟಿದ್ದರೆ ಬ್ಯಾಂಕಿಗೆ ಕೂಡಲೇ ಕರೆಮಾಡಿ ಕಾರ್ಡನ್ನು ತಡೆಹಿಡಿಸಿ. ಕರೆಮಾಡುವ ಸಂಖ್ಯೆಯನ್ನು ಆ ಪುಟದಿಂದ ತೆಗೆದುಕೊಳ್ಳಬೇಡಿ, ಕಾರ್ಡಿನ ಹಿಂಭಾಗದಲ್ಲಿ ಅಚ್ಚಾದುದನ್ನೇ ಬಳಸಿ.